ನಮ್ಮ ಮನೆಯ ಕಸದ ಚೀಲದಲ್ಲಿದ್ದ ಸೂಜಿ



ನಮ್ಮ ಯಜಮಾನರು ಹನ್ನೆರಡು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಬಳಸಿದ ಸೂಜಿಯನ್ನು ತರಕಾರಿ ಸಿಪ್ಪೆಯ ಜೊತೆಗೇ ಚೀಲಕ್ಕೆ ಹಾಕುವುದು ನಮ್ಮ ಮನೆಯ ರೂಢಿಯಾಗಿತ್ತು. ಕಳೆದ ನವೆಂಬರಿನ ಒಂದು ಬೆಳಿಗ್ಗೆ ಆ ಚೀಲ ಎತ್ತಿಕೊಂಡ ಪೌರಕಾರ್ಮಿಕ ಹೆಣ್ಣುಮಗಳು ಅಲ್ಲಿಯೇ ನಿಂತು ಬೆರಳು ತೋರಿಸಿದರು. ರಕ್ತ ಜಿನುಗುತ್ತಿತ್ತು. “ಅಮ್ಮಾ, ಊಸಿ” ಎಂದಷ್ಟೇ ಹೇಳಿದರು.

ನಾನು ಇಪ್ಪತ್ತೆಂಟು ವರ್ಷ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದವಳು. ಅಲ್ಲಿ ಒಂದು ದಿನವೂ ಸೂಜಿಯನ್ನು ಬರಿ ಚೀಲಕ್ಕೆ ಹಾಕಿದವಳಲ್ಲ. ಮನೆಯಲ್ಲಿ ಮಾತ್ರ ಆ ಪಾಠ ಮರೆತಿದ್ದೆ. ಇಂದು ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಸೂಜಿಯಿಂದ ಬರುವುದು

ಚುಚ್ಚಿದ ಸೂಜಿಯಿಂದ ಮುಖ್ಯವಾಗಿ ಹರಡಬಹುದಾದ ಸೋಂಕುಗಳು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಇವುಗಳಲ್ಲಿ ಹೆಪಟೈಟಿಸ್ ಬಿ ಬಹಳ ಸುಲಭವಾಗಿ ಅಂಟುತ್ತದೆ. ಒಣಗಿದ ರಕ್ತದಲ್ಲಿ ಈ ವೈರಸ್ ಕನಿಷ್ಠ 7 ದಿನ ಬದುಕಿರುತ್ತದೆ. ಇದಕ್ಕೆ ಮಾತ್ರ ಲಸಿಕೆ ಇದೆ: ಇಂದು ಒಂದು, ತಿಂಗಳ ನಂತರ ಒಂದು, ಆರನೆಯ ತಿಂಗಳಿಗೆ ಇನ್ನೊಂದು.

ಚುಚ್ಚಿದರೆ ಗಾಯವನ್ನು ಹಿಂಡಬಾರದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಅದನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು.

ನೀರಿನಿಂದ ಬರುವುದು

ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಮಳೆ ಇನ್ನೊಂದು ಅಪಾಯ ತರುತ್ತದೆ. ಅದು ಇಲಿ ಜ್ವರ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಸಣ್ಣ ಗೀರನ್ನು ಮುಟ್ಟಿದರೂ ರೋಗಾಣು ಒಳಹೋಗುತ್ತದೆ. ಈ ನಗರದ ಪೌರಕಾರ್ಮಿಕರ ರಕ್ತ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂವರಲ್ಲಿ ಒಬ್ಬರಿಗೆ ಈ ಸೋಂಕು ತಗುಲಿದ್ದ ಗುರುತು ಕಂಡುಬಂದಿತ್ತು.

ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದರ ಲಕ್ಷಣಗಳು. ಅಲಕ್ಷಿಸಿದರೆ ಕಾಮಾಲೆಯಾಗಿ ಮೂತ್ರಪಿಂಡವೂ ಕೆಡಬಹುದು. ಬೇಗ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಿಂದಲೇ ಗುಣವಾಗುತ್ತದೆ. ಆದ್ದರಿಂದ ಜ್ವರ ಬಂದ ಕಾರ್ಮಿಕರು ವೈದ್ಯರಿಗೆ ತಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಮೊಣಕಾಲುದ್ದದ ಬೂಟು, ದಪ್ಪ ಕೈಗವಸು, ಗಾಯಕ್ಕೆ ನೀರು ತಾಗದ ಪಟ್ಟಿ ಇವರಿಗೆ ಅಗತ್ಯ.

ನಾವು ಮಾಡಬೇಕಾದ್ದು

ಬಳಸಿದ ಸೂಜಿಗೆ ಗಟ್ಟಿ ಡಬ್ಬಿ ಇಡಿ. ಮುಚ್ಚಳ ಬಿಗಿಯಾಗಿರಲಿ, ಮೇಲೆ ‘ಸೂಜಿ’ ಎಂದು ತಮಿಳಿನಲ್ಲೂ ಬರೆಯಿರಿ, ಬೇರೆಯಾಗಿ ಕೈಗೆ ಕೊಡಿ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿಯನ್ನು ಅಪಾಯಕಾರಿ ಕಸವೆಂದೇ ಹೆಸರಿಸಿದ್ದವು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ. ಬಂದವರಿಗೆ ಕೈತೊಳೆಯಲು ಸೋಪು, ನೀರು ಕೊಡಿ.

ಆ ದಿನ ನಾನೇ ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ನಮ್ಮ ಯಜಮಾನರ ರಕ್ತದಲ್ಲಿ ಯಾವ ಸೋಂಕೂ ಇರಲಿಲ್ಲವೆಂದು ತಿಳಿದ ಮೇಲೆಯೇ ನನಗೆ ಉಸಿರು ಬಂದದ್ದು. ಆ ತಾಯಿಗೆ ಅದುವರೆಗೆ ಹೆಪಟೈಟಿಸ್ ಲಸಿಕೆಯೇ ಆಗಿರಲಿಲ್ಲ. ಅಂದೇ ಮೊದಲನೆಯದು ಹಾಕಿಸಿದೆವು. ಅವರ ಆ ದಿನದ ಕೂಲಿ ಮಾತ್ರ ಹೋಯಿತು.

ನಮ್ಮ ಬಡಾವಣೆಯ ಪೌರಕಾರ್ಮಿಕರಿಗೆಲ್ಲ ಮೂರೂ ಲಸಿಕೆ, ಧನುರ್ವಾಯು ಚುಚ್ಚುಮದ್ದು, ಆ ದಿನಗಳ ಕೂಲಿ ಕೊಡೋಣವೆಂದು ಸಭೆಯಲ್ಲಿ ಕೇಳಿಕೊಂಡೆ. “ಸಂಘದ ವೈದ್ಯಕೀಯ ನಿಧಿ ಕನ್ನಡಿಗರಿಗಲ್ಲವೇ?” ಎಂದು ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಚೀಲ ಕನ್ನಡಿಗರ ಮನೆಯದು ಎಂದೆ. ಮೊದಲ ಕಾಣಿಕೆ ಕೊಟ್ಟವರು ಅವರೇ.

ಅರ್ಧಕ್ಕೆ ನಿಂತ ಲಸಿಕೆ ಪೂರ್ತಿ ಕಾಯುವುದಿಲ್ಲ. ಮೂರನೆಯ ಸೂಜಿಯವರೆಗೂ ಜೊತೆಗಿರಿ, ಯಥಾಶಕ್ತಿ ನೆರವಾಗಿ ಎಂದು ಕೈಮುಗಿದು ಬೇಡುತ್ತೇನೆ.