ಅಂಗವಿನ್ಯಾಸದ ಯೋಗ: ಬೆಳ್ಳೂರಿನಿಂದ ಪುಣೆಗೆ

ಗೋಡೆ ಕಟ್ಟುವ ಮೇಸ್ತ್ರಿಯು ವರಸೆ ವರಸೆಗೂ ತೂಗುಗುಂಡನ್ನು ಇಳಿಬಿಟ್ಟು ನೋಡುತ್ತಾನೆ. ಭಟ್ಕಳದಲ್ಲಿ 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವು ಅಷ್ಟೊಂದು ಮಳೆಗಾಲಗಳನ್ನು ಸಹಿಸಿ ನಿಂತಿರುವುದರಲ್ಲಿ ಈ ನೋಟದ ಪಾಲೂ ಉಂಟು. ಶರೀರಕ್ಕೂ ಇಂಥದೊಂದು ತೂಗುಗುಂಡು ಬೇಕೆಂದು ಸಾಧಿಸಿ ತೋರಿದವರು ಕನ್ನಡ ನಾಡಿನವರೇ ಆದ ಬಿ. ಕೆ. ಎಸ್. ಅಯ್ಯಂಗಾರರು.

1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಪಿಡುಗಿನ ವರ್ಷದಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಅವರು ಜನಿಸಿದರು. ಮಲೇರಿಯಾ, ಟೈಫಾಯ್ಡ್, ಕ್ಷಯ ಇವು ಅವರ ಬಾಲ್ಯವನ್ನು ಕಾಡಿದವು. 1934ರಲ್ಲಿ ಅಕ್ಕನ ಪತಿಯಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಆಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದರು. ಕನ್ನಡದಲ್ಲಿ ಅವರ ‘ಯೋಗಮಕರಂದ’ವು ಹೊರಬಂದುದೂ ಅದೇ ವರ್ಷ. (ಹೊನ್ನಾವರ ಸೀಮೆಯವರಿಗೆ ಆ ವರ್ಷವು ಬೇರೊಂದು ಕಾರಣಕ್ಕೆ ಪ್ರಿಯ: ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು ಆಗಲೇ.)

ಗುರುಗಳ ಶಿಸ್ತು ಕಠೋರವಾದುದು. ಸಿದ್ಧವಾಗದ ಶರೀರದಿಂದ ಪ್ರದರ್ಶನಕ್ಕಾಗಿ ಹನುಮಾನಾಸನವನ್ನು ಮಾಡಬೇಕಾಗಿ ಬಂದು ತೊಡೆಯ ಹಿಂಭಾಗದ ಸ್ನಾಯುಗಳು ಹರಿದ ಪ್ರಸಂಗವನ್ನು ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ಅವರ ಪದ್ಧತಿಯ ಬೇರು ಈ ನೋವಿನಲ್ಲಿದೆಯೆಂದು ನನ್ನ ಎಣಿಕೆ. 1937ರಲ್ಲಿ ಪುಣೆಗೆ ಹೋದ ಮೇಲೆ, ಸರಿಪಡಿಸುವ ಗುರು ಹತ್ತಿರವಿಲ್ಲದೆ, ತಮ್ಮ ದೇಹವನ್ನೇ ಗ್ರಂಥವನ್ನಾಗಿ ಓದಿದರು. 1966ರಲ್ಲಿ ಪ್ರಕಟವಾದ ಇಂಗ್ಲಿಷ್ ಕೃತಿ ‘ಲೈಟ್ ಆನ್ ಯೋಗ’ ಆ ಓದಿನ ಫಲ.

ತ್ರಿಕೋನಾಸನವನ್ನೇ ನೋಡಿರಿ. ಪಾದಗಳ ನಡುವೆ ಸುಮಾರು ಮೂರು ಅಡಿ ಅಂತರ, ಬಲಪಾದವು ಪೂರ್ಣ ಬಲಕ್ಕೆ, ಎಡಪಾದವು ಸ್ವಲ್ಪ ಒಳಕ್ಕೆ, ಮಂಡಿಗಳು ನೇರ. ಅಂಗೈಯನ್ನು ಹೇಗಾದರೂ ನೆಲಕ್ಕೆ ತಾಗಿಸಬೇಕೆಂದು ಹಟ ಹಿಡಿದರೆ ಮುಂಡವು ಮುಂದಕ್ಕೆ ಕುಸಿದು ಎದೆ ಮುದುಡುತ್ತದೆ, ಉಸಿರು ಕಟ್ಟುತ್ತದೆ. ಆಗ ಕೈಯ ಕೆಳಗೆ ಒಂದು ಇಟ್ಟಿಗೆಯನ್ನಿಟ್ಟರೆ ಎದೆ ತೆರೆದುಕೊಳ್ಳುತ್ತದೆ. ಹಗ್ಗ, ಪಟ್ಟಿ, ಕುರ್ಚಿಗಳು ಬಂದುದೂ ಇದೇ ನ್ಯಾಯದಿಂದ. ಇದರಿಂದ ಮುದುಕರಿಗೂ ರೋಗಿಗಳಿಗೂ ಆಸನದ ಬಾಗಿಲು ತೆರೆಯಿತು.

ಇವೆಲ್ಲವೂ ಋಷಿಕಾಲದಿಂದ ಹೀಗೆಯೇ ಬಂದುವೆಂದು ಸಭೆಗಳಲ್ಲಿ ಹೇಳುವ ವಾಡಿಕೆಯುಂಟು. ಅದು ಸರಿಯಲ್ಲ. ಹಠಯೋಗಪ್ರದೀಪಿಕೆಯು ವಿವರಿಸುವ ಆಸನಗಳು 15, ಬಹುಪಾಲು ಕುಳಿತು ಮಾಡುವಂಥವು, ತ್ರಿಕೋನಾಸನ ಅಲ್ಲಿಲ್ಲ. ನಿಂತು ಮಾಡುವ ಆಸನಗಳು ಇಂದಿನ ರೂಪವನ್ನು ಪಡೆದುದು ಹೆಚ್ಚಾಗಿ 20ನೆಯ ಶತಮಾನದಲ್ಲಿ. ಅದರಲ್ಲಿ ಮೈಸೂರಿನ ಪಾಲು ಹಿರಿದು. ಹೊಸದೆಂದ ಮಾತ್ರಕ್ಕೆ ಅದರ ಬೆಲೆ ಕುಂದದು.

ನಮ್ಮ ಶಿವಯೋಗಕ್ಕೆ ಈ ನೇರ್ಪು ಪರಕೀಯವಲ್ಲ. ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತವನ ಬೆನ್ನು ಬಾಗಿದರೆ ಕೈ ತಗ್ಗುತ್ತದೆ, ದೃಷ್ಟಿ ಕದಲುತ್ತದೆ. ಆದರೆ ಅಲ್ಲಿ ನೇರ್ಪು ಸಾಧನ, ಸಾಧ್ಯವು ಬೇರೆ. ಅಯ್ಯಂಗಾರರೂ ಪತಂಜಲಿಯ ಧ್ಯಾನವನ್ನು ಬಿಟ್ಟು ಆಸನವನ್ನು ಹೇಳಿದವರಲ್ಲ.

2015ರಿಂದ ಜೂನ್ 21ರ ಯೋಗದಿನವು ಕುಮಟಾ, ಹೊನ್ನಾವರ, ಭಟ್ಕಳದ ಶಾಲೆಗಳಲ್ಲಿಯೂ ಪರಿಚಿತ. ಪ್ರದರ್ಶನದ ಅವಸರದಲ್ಲಿ ಬಗ್ಗದ ಮಗುವಿನ ಬೆನ್ನನ್ನು ಅದುಮುವ ಅಧ್ಯಾಪಕರು ಹನುಮಾನಾಸನದ ಪ್ರಸಂಗವನ್ನು ನೆನೆಯಲಿ. ನಮ್ಮ ಕಡೆಯ ಚಿರೆಕಲ್ಲು ಕೈಗೆ ಒರಟು, ಮಕ್ಕಳಿಗೆ ಭಾರ. ಇಟ್ಟಿಗೆಗೆ ಬದಲಾಗಿ ಚೆನ್ನಾಗಿ ಉಜ್ಜಿದ ಮರದ ತುಂಡು ಸಾಕು. ಅದನ್ನು ಪಾದದ ಹೊರಬದಿಗೆ, ಕಣಕಾಲಿನ ಪಕ್ಕದಲ್ಲಿ, ಜಾರದಂತೆ ಇಡತಕ್ಕದ್ದು.