ನೀರೂ ಹಿತಮಿತವಾಗಿರಲಿ

200 ಕಿ.ಮೀ. ಬ್ರೆವೆ ಎಂಬ ದೂರದ ಸೈಕಲ್ ಸವಾರಿಗೆ ಇರುವ ಗಡುವು ಹದಿಮೂರೂವರೆ ಗಂಟೆ. ಅಷ್ಟು ಹೊತ್ತು ಪೆಡಲ್ ತುಳಿಯುವವರು ನೀರು ಮರೆಯಬಾರದು, ನಿಜ. ಆದರೆ ಹೆದರಿಕೊಂಡು ಬರೀ ನೀರನ್ನೇ ಹೊಟ್ಟೆಗೆ ತುಂಬಿಸುವುದೂ ತಪ್ಪೇ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಮೇಲಿಂದ ಮೇಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಕಾಡುತ್ತವೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಯಾದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ತಗ್ಗಿತ್ತು. ಅದು ಓಟ, ನಮ್ಮದು ಸೈಕಲ್ ಎನ್ನಬೇಡಿ. ಬಾಟಲಿ ಕೈಗೆಟುಕುವಂತಿದ್ದಾಗ ಅತಿಯಾಗಿ ಕುಡಿಯುವುದು ಇನ್ನೂ ಸುಲಭ. ಬಾಯಾರುವ ತನಕ ಕಾದರೆ ತಡವಾಯಿತು ಎಂಬ ಮಾತಿದೆ. ಆದರೆ ಇಡೀ ದಿನದ ನಿಧಾನ ಸವಾರಿಯಲ್ಲಿ ಬಾಯಾರಿಕೆಯನ್ನು ನಂಬಬಹುದು. ಅಭ್ಯಾಸದ ದಿನ ಹೊರಡುವಾಗ, ಮರಳಿದಾಗ ತೂಕ ನೋಡಿಕೊಳ್ಳಿ. ಏರಿದ್ದರೆ ಕುಡಿದದ್ದು ಹೆಚ್ಚಾಯಿತು. ನಡುವೆ ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಇರಲಿ. ವಾಂತಿಯಾಗಿ ಮಂಕು ಕವಿದರೆ ಸೈಕಲ್ ಇಳಿದು, ತಡಮಾಡದೆ ವೈದ್ಯರಿಗೆ ತೋರಿಸಿ.