ಐವತ್ತು ಗಂಟೆಯ ಲೆಕ್ಕ, ಒಂದು ಕಳೆಯುವ ಲೆಕ್ಕ

ಬೋಧನಾಭ್ಯಾಸ ಮುಗಿಯುವ ಹೊತ್ತಿಗೆ ಪ್ರಶಿಕ್ಷಣಾರ್ಥಿಗಳ ನಡುವೆ ಒಂದು ಪ್ರಶ್ನೆ ಸುಳಿದಾಡುತ್ತಿರುತ್ತದೆ. ಡಿ.ಎಲ್.ಇಡಿ. ಅಥವಾ ಬಿ.ಇಡಿ. ಕೈಗೆ ಬಂತು, ಟಿ.ಇ.ಟಿ. ಆಯಿತು, ನೇಮಕಾತಿಯೂ ಆಯಿತು ಎಂದುಕೊಳ್ಳೋಣ. ಆಮೇಲೆ ಮತ್ತೆ ಯಾರಿಗೆ, ಏನನ್ನು ತೋರಿಸಬೇಕು? ತೋಟದ ಪಿಕಪ್ ಓಡಿಸುವ ಚಾಲಕನಿಗೂ ಪರವಾನಗಿ ನವೀಕರಣದ ತಾರೀಖು ಇರುತ್ತದೆ. ನಮ್ಮ ಶಿಕ್ಷಕರ ಪ್ರಮಾಣಪತ್ರದ ಮೇಲೆ ಅಂಥ ತಾರೀಖು ಇಲ್ಲ.

ಹಲವು ದೇಶಗಳಲ್ಲಿ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ವೃತ್ತಿಪರ ಶಿಕ್ಷಕ ಪರವಾನಗಿಯ ಅವಧಿ 5 ವರ್ಷ. ಸಾಮಾನ್ಯವಾಗಿ ಅಷ್ಟರೊಳಗೆ 120 ಗಂಟೆಗಳ ವೃತ್ತಿಪರ ಕಲಿಕೆಯನ್ನು ದಾಖಲಿಸಿದವರಿಗೆ ಅದು ನವೀಕರಣವಾಗುತ್ತದೆ. ಜಪಾನ್ 2009ರ ಏಪ್ರಿಲ್‌ನಿಂದ ಶಿಕ್ಷಕರ ಪರವಾನಗಿಗೆ 10 ವರ್ಷಗಳ ಮಿತಿ ಹಾಕಿತು. ನವೀಕರಿಸಿಕೊಳ್ಳಲು 30 ಗಂಟೆಗಳ ಉಪನ್ಯಾಸಕ್ಕೆ ಹಾಜರಾಗಬೇಕಿತ್ತು, ಅದೂ ಬಹುಪಾಲು ರಜೆಯಲ್ಲಿ, ಕೈಯಿಂದ ಶುಲ್ಕ ಕಟ್ಟಿ. 2022ರ ಜುಲೈಯಲ್ಲಿ ಜಪಾನ್ ಆ ವ್ಯವಸ್ಥೆಯನ್ನೇ ಕೈಬಿಟ್ಟಿತು. ಶಿಕ್ಷಕರ ಮೇಲೆ ಹೊರೆ ಹೆಚ್ಚಾಗಿತ್ತು, ಅವಧಿ ಮೀರಿದ ಪರವಾನಗಿಯವರನ್ನು ತಾತ್ಕಾಲಿಕವಾಗಿ ಕರೆಸಿಕೊಳ್ಳುವುದೂ ಕಷ್ಟವಾಗಿತ್ತು. ಅದರ ಜಾಗದಲ್ಲಿ ಈಗ ಪ್ರತಿ ಶಿಕ್ಷಕರ ತರಬೇತಿಯ ದಾಖಲೆ ಇಟ್ಟು, ಅದನ್ನು ಮುಂದಿಟ್ಟುಕೊಂಡು ಮುಖ್ಯ ಶಿಕ್ಷಕರು ಅವರೊಡನೆ ಮಾತುಕತೆ ನಡೆಸುವ ಕ್ರಮ ಬಂದಿದೆ. ಪರವಾನಗಿ ಹೋಯಿತು, ದಾಖಲೆ ಉಳಿಯಿತು. ಇದನ್ನು ನೆನಪಿಟ್ಟುಕೊಂಡು ನಮ್ಮ ಕಡೆ ಬರೋಣ.

ನಮ್ಮಲ್ಲಿ ಇರುವುದೇನು?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 23ನೇ ಪ್ರಕರಣದಡಿ ಎನ್.ಸಿ.ಟಿ.ಇ. ಅದೇ ವರ್ಷ ಆಗಸ್ಟ್ 23ರಂದು ಶಿಕ್ಷಕರ ಕನಿಷ್ಠ ಅರ್ಹತೆಗಳನ್ನು ಪ್ರಕಟಿಸಿತು. ಟಿ.ಇ.ಟಿ. ಹುಟ್ಟಿದ್ದು ಅಲ್ಲಿಂದ. 2011ರ ಮಾರ್ಗಸೂಚಿಯಲ್ಲಿ ಈ ಪ್ರಮಾಣಪತ್ರಕ್ಕೆ 7 ವರ್ಷಗಳ ಮಾನ್ಯತೆ ಇತ್ತು. 2021ರ ಜೂನ್‌ನಲ್ಲಿ ಅದನ್ನು 2011ರಿಂದಲೇ ಪೂರ್ವಾನ್ವಯವಾಗುವಂತೆ ಜೀವನಪರ್ಯಂತ ಮಾನ್ಯವೆಂದು ಮಾಡಲಾಯಿತು. ಆ 7 ವರ್ಷದ ಗಡುವನ್ನು ಕೆಲವರು ನಮ್ಮ ‘ನವೀಕರಣ’ ಎಂದು ಭಾವಿಸಿದ್ದುಂಟು. ಆದರೆ ಅದು ನೇಮಕಾತಿಗೆ ಮಾತ್ರ ಸಂಬಂಧಿಸಿದ ಗಡುವು. ಕೆಲಸ ಸಿಗದೆ ಕಾದವರಿಗೆ ಅದು ತೊಂದರೆ ಕೊಟ್ಟಿತು. ತರಗತಿಯೊಳಗೆ ಇದ್ದವರು ಏನು ಕಲಿಯುತ್ತಿದ್ದಾರೆಂದು ಅದು ಯಾವತ್ತೂ ಕೇಳಲಿಲ್ಲ.

ಸೇವೆಯಲ್ಲಿರುವವರನ್ನು ಕೇಳಿದ್ದು ಸುಪ್ರೀಂ ಕೋರ್ಟ್. 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ, ಕಾಯ್ದೆ ಬರುವ ಮೊದಲೇ ನೇಮಕವಾಗಿ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು 2 ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕು. 5 ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಮುಂದುವರಿಯಬಹುದು, ಬಡ್ತಿ ಬೇಕಾದರೆ ಮಾತ್ರ ಪಾಸಾಗಲೇಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರು 150 ಬಹುಆಯ್ಕೆ ಪ್ರಶ್ನೆಗಳ ಮುಂದೆ ಕೂರಬೇಕಾದಾಗ ಸ್ಟಾಫ್ ರೂಮಿನಲ್ಲಿ ಎಂಥ ಮಾತು ಬರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕನಿಷ್ಠ ಅರ್ಹತೆಯ ಪ್ರಶ್ನೆಗೆ ಆ ಪರೀಕ್ಷೆ ಉತ್ತರ ಕೊಡಬಹುದು. ಬಾಳೂರಿನ ನಾಲ್ಕನೇ ತರಗತಿಯ ಮಗು ಯಾಕೆ ತಪ್ಪು ಬರೆಯಿತು ಎಂಬುದಕ್ಕೆ ಕೊಡಲಾರದು.

ಇನ್ನೊಂದು ಕಡೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿಪರ ಅಭಿವೃದ್ಧಿಯಲ್ಲಿ ಭಾಗವಹಿಸಬೇಕು ಎಂದಿತು. ಕರ್ನಾಟಕ ಆ ನೀತಿಯ ಬದಲು 2023ರಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗ ರಚಿಸಿತು. ನೀತಿ ಯಾವುದೇ ಇರಲಿ, ಡಯಟ್, ಬಿ.ಆರ್.ಸಿ., ಕ್ಲಸ್ಟರ್ ಸಭೆ, ದೀಕ್ಷಾ ಕೋರ್ಸು ಇವೆಲ್ಲ ನಮ್ಮ ಸೇವೆಯ ಭಾಗವಾಗಿಯೇ ಇವೆ. 50 ಗಂಟೆ ಎಂದರೆ ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಐದು ಗಂಟೆ. ಜಾಸ್ತಿಯೇನಲ್ಲ. ಆ ಐದು ಗಂಟೆ ಯಾವುದರಿಂದ ತುಂಬುತ್ತದೆ ಎಂಬುದನ್ನು ನೋಡಬೇಕು.

2019ರಲ್ಲಿ ಶುರುವಾದ ನಿಷ್ಠಾ ತರಬೇತಿ ಕೋವಿಡ್ ಕಾಲದಲ್ಲಿ ದೀಕ್ಷಾ ವೇದಿಕೆಗೆ ಹೋಯಿತು. ಒಂದೊಂದು ಕೋರ್ಸು ಮೂರು-ನಾಲ್ಕು ಗಂಟೆಯದು. ಅದರಲ್ಲಿ ಒಳ್ಳೆಯ ಪಾಠಗಳಿವೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವಿಡಿಯೊ ಓಡಿಸಿಟ್ಟು ಬೇರೆ ಕೆಲಸ ಮಾಡಿ, ಕೊನೆಯ ರಸಪ್ರಶ್ನೆಯ ಉತ್ತರವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಪ್ರಮಾಣಪತ್ರ ಇಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಜುಲೈ ಮಳೆಯಲ್ಲಿ ಕರೆಂಟು ಹೋಗಿ, ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಾದ ಕಡೆ ಆ ಆಸೆ ಇನ್ನೂ ಹೆಚ್ಚು. ಗಂಟೆ ಲೆಕ್ಕಕ್ಕೆ ಬಂತು. ಸೋಮವಾರದ ಪಾಠ ಹಾಗೇ ಉಳಿಯಿತು.

503ರಲ್ಲಿ 278 ಕಳೆದರೆ

ಈಗ ಒಂದು ಲೆಕ್ಕ ತೆಗೆದುಕೊಳ್ಳೋಣ. ಬಾಳೂರು ಹೋಬಳಿಯ ಒಳಗಿನ ಒಂದು ಕಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಇಬ್ಬರೇ ಶಿಕ್ಷಕಿಯರು. ಒಬ್ಬರಿಗೆ ಒಂದರಿಂದ ಮೂರರವರೆಗಿನ ನಲಿ-ಕಲಿ, ಇನ್ನೊಬ್ಬರಿಗೆ ನಾಲ್ಕು ಮತ್ತು ಐದು ಒಟ್ಟಿಗೆ. ಮಕ್ಕಳಲ್ಲಿ ಅರ್ಧದಷ್ಟು ಲೈನ್ ಮನೆಗಳಿಂದ ಬರುವವರು. ಮನೆಯಲ್ಲಿ ಕೆಲವರದು ತುಳು, ಕೆಲವರದು ತಮಿಳು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗುವೂ ಒಂದು ಇದೆ. ನಾಲ್ಕನೇ ತರಗತಿಗೆ ಪುನರಾವರ್ತನೆಗೆಂದು 503 − 278 ಕೊಟ್ಟಿದ್ದಾರೆ. ಸರಿಯುತ್ತರ 225.

ಪುಸ್ತಕಗಳನ್ನು ತಿದ್ದುವಾಗ ಕೆಲವರದು 375 ಎಂದಿದೆ. ಇನ್ನು ಕೆಲವರದು 325. ಕೆಂಪು ಶಾಯಿಗೆ ಎರಡೂ ಒಂದೇ, ಎರಡಕ್ಕೂ ಅಡ್ಡಗೆರೆ. ಕೇಳಿನೋಡಿದರೆ ಬೇರೆ ಬೇರೆ ಕಥೆ ಹೊರಬರುತ್ತದೆ.

“ಇದು ಹೆಂಗೆ ಮಾಡ್ದೆ ಹೇಳು ನೋಡಾಣ?”

“ಸೊನ್ನೇಲಿ ಏಳು ಹೋಗಲ್ಲ ಟೀಚರ್. ಅದ್ಕೆ ಏಳ್ರಲ್ಲಿ ಸೊನ್ನೆ ಕಳ್ದೆ.”

375 ಬಂದದ್ದು ಹೀಗೆ. ಬಿಡಿಯ ಸ್ಥಾನದಲ್ಲೂ 8ರಿಂದ 3 ಕಳೆದು 5 ಬರೆದಾಗಿದೆ. ಮೇಲಿನದು ಕೆಳಗಿನದು ಎಂಬ ಭೇದವಿಲ್ಲದೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದೇ ಈ ಮಗುವಿನ ನಿಯಮ. ಇದಕ್ಕೆ ದಶಕ ಬಿಡಿಸುವುದೆಂದರೆ ಏನೆಂದೇ ತಿಳಿದಿಲ್ಲ. 325 ಬರೆದ ಮಗುವಿಗೆ ತಿಳಿದಿದೆ. ಅದು 3ನ್ನು 13 ಮಾಡಿತು, ನಡುವಿನ ಸೊನ್ನೆಯನ್ನು 9 ಮಾಡಿತು, 13ರಲ್ಲಿ 8 ಹೋದರೆ 5, 9ರಲ್ಲಿ 7 ಹೋದರೆ 2. ಆದರೆ ಆ ಒಂಬತ್ತು ಎಲ್ಲಿಂದ ಬಂತು ಎಂಬುದನ್ನು ಮರೆತು 5ನ್ನು 5 ಆಗಿಯೇ ಬಿಟ್ಟಿತು. ಕ್ರಮವನ್ನು ಬಾಯಿಪಾಠ ಮಾಡಿದ ಮಗು ಇದು.

ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಕೊಟ್ಟರೆ ಒಬ್ಬರಿಗೆ ಪ್ರಯೋಜನವಿಲ್ಲ. ಮೊದಲ ಮಗುವಿಗೆ ಅಂಗಡಿಯಾಟ ಬೇಕು. ಐದು ನೂರರ ನೋಟು, ಮೂರು ಒಂದರ ನಾಣ್ಯ ಕೈಯಲ್ಲಿದೆ, 278 ರೂಪಾಯಿ ಕೊಡಬೇಕು. ಚಿಲ್ಲರೆ ಇಲ್ಲ. ಒಂದು ನೂರನ್ನು ಹತ್ತು ಹತ್ತರ ನೋಟಾಗಿ ಮುರಿಸಬೇಕು, ಅದರಲ್ಲಿ ಒಂದು ಹತ್ತನ್ನು ಮತ್ತೆ ನಾಣ್ಯಗಳಾಗಿ ಮುರಿಸಬೇಕು. ತಾಯಿ ಜೊತೆ ಸಂತೆಗೆ ಹೋದ ಯಾವ ಮಗುವಿಗೂ ಚಿಲ್ಲರೆ ಮಾಡಿಸುವುದು ಹೊಸತಲ್ಲ. ‘ಎರವಲು’ ಎಂಬ ಮಾತಿಗಿಂತ ‘ಚಿಲ್ಲರೆ’ ಇಲ್ಲಿ ಬೇಗ ಹತ್ತುತ್ತದೆ. (ಎರವಲು ಎಂದರೆ ಹಿಂದಿರುಗಿಸಬೇಕಲ್ಲ, ಯಾಕೆ ಹಿಂದಿರುಗಿಸುತ್ತಿಲ್ಲ ಎಂದು ಮಗು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.) ಎರಡನೆಯ ಮಗುವಿಗೆ ಆಟ ಬೇಡ. ನೂರನ್ನು ಮುರಿದ ಕೂಡಲೇ 5ರ ಮೇಲೆ 4 ಎಂದು ಬರೆಯುವ ಅಭ್ಯಾಸ ಸಾಕು. ಜೊತೆಗೆ 325 ಮತ್ತು 278 ಕೂಡಿಸಿ 503 ಬರುತ್ತದೆಯೇ ಎಂದು ತಾನೇ ತಾಳೆ ನೋಡಿಕೊಳ್ಳಲು ಹೇಳಿದರೆ 603 ಬಂದದ್ದನ್ನು ನೋಡಿ ತಾನೇ ನಿಲ್ಲುತ್ತದೆ.

ಒಂದು ವಾರ ಬಿಟ್ಟು 402 − 156 ಕೊಡಿ. 246 ಬಂದರೆ ಸರಿ. 354 ಬಂದರೆ ಹಳೆಯ ಮೊದಲ ನಿಯಮ ಹೋಗಿಲ್ಲ. 346 ಬಂದರೆ ಎರಡನೆಯದು ಉಳಿದಿದೆ. ಸಂಖ್ಯೆಗಳನ್ನು ಹೀಗೆ ಆರಿಸಿಕೊಂಡರೆ ಉತ್ತರವೇ ಕಾರಣವನ್ನು ಹೇಳುತ್ತದೆ.

ಇದಕ್ಕೆ ಹಿಡಿದ ಸಮಯವನ್ನು ಲೆಕ್ಕ ಹಾಕಿ. ಪುಸ್ತಕಗಳನ್ನು ತಪ್ಪಿನ ಬಗೆಗೆ ತಕ್ಕಂತೆ ಬೇರ್ಪಡಿಸಿ ಮಕ್ಕಳನ್ನು ಮಾತಾಡಿಸಲು ಎರಡು ಗಂಟೆ. ಸ್ಥಾನಬೆಲೆಯ ಬಗ್ಗೆ ದೀಕ್ಷಾದಲ್ಲೋ ಕೈಪಿಡಿಯಲ್ಲೋ ಓದಲು ಮೂರು ಗಂಟೆ, ಈಗ ಹುಡುಕುವುದು ಏನೆಂದು ಗೊತ್ತಿರುವುದರಿಂದ ವಿಡಿಯೊ ತಾನಾಗಿ ಓಡುವುದಿಲ್ಲ, ನಿಲ್ಲಿಸಿ ನಿಲ್ಲಿಸಿ ನೋಡುತ್ತೇವೆ. ಹೊಸ ಪಾಠ ಯೋಜನೆಗೆ ಎರಡು ಗಂಟೆ. ನಲಿ-ಕಲಿ ಶಿಕ್ಷಕಿ ತಮ್ಮ ಮಕ್ಕಳಿಗೆ ಕಾರ್ಡು ಕೊಟ್ಟು ಬಂದು ಈ ತರಗತಿಯನ್ನು ನೋಡಲು ಒಂದು ಗಂಟೆ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಮೂರು ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಮಾತಾಡಲು ಮೂರು ಗಂಟೆ. ಹನ್ನೊಂದು ಗಂಟೆ ಆಯಿತು. ವರ್ಷಕ್ಕೆ ಇಂಥ ನಾಲ್ಕು ಪ್ರಶ್ನೆ ಹಿಡಿದುಕೊಂಡರೆ 50ಕ್ಕೆ ಹತ್ತಿರ ಬರುತ್ತದೆ. ಈ ಗಂಟೆಗಳು ಶಿಕ್ಷಕರ ಸ್ವಂತ ಆಸಕ್ತಿಯಿಂದ ಹೊರಡಬೇಕು ಎಂದು ಆ ನೀತಿಯೇ ಹೇಳಿದೆ. ಅದನ್ನು ಅಕ್ಷರಶಃ ತೆಗೆದುಕೊಳ್ಳಲು ನಮಗೇಕೆ ಹಿಂಜರಿಕೆ?

ಇದು ಕನಸಿನ ಮಾತು ಎನ್ನುವವರು ನಲಿ-ಕಲಿಯ ಹುಟ್ಟನ್ನು ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿಬಂದರು. ಬಹುವರ್ಗ ಬೋಧನೆ ಅವರ ದಿನನಿತ್ಯದ ತಲೆನೋವಾಗಿತ್ತು. ಅಲ್ಲಿ ಕಲಿಕಾ ಕಾರ್ಡುಗಳನ್ನು, ಕಲಿಕಾ ಏಣಿಯನ್ನು ನೋಡಿದರು. ನೋಡಿ ಬಂದು ಸುಮ್ಮನಿರದೆ ಕನ್ನಡದಲ್ಲಿ ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದರು, ತರಗತಿಯಲ್ಲಿ ಬಳಸಿ ತಿದ್ದಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹಬ್ಬುವಾಗ ಮೂಲದ ಹುರುಪು ಎಲ್ಲ ಕಡೆ ಉಳಿಯಲಿಲ್ಲ ಎಂಬ ಟೀಕೆಯೂ ಇದೆ, ಅದು ತಕ್ಕಮಟ್ಟಿಗೆ ನಿಜವೇ. ಕಾರ್ಡನ್ನು ಬರೆದವರಿಗೆ ಅದು ಕಲಿಕೆಯಾಗಿತ್ತು. ಪೆಟ್ಟಿಗೆಯಲ್ಲಿ ಪಡೆದವರಿಗೆ ಅದು ಸಾಮಗ್ರಿಯಾಗಿ ಬಂತು.

ವೀಕ್ಷಣಾ ಪುಸ್ತಕದ ಮಾತು

ಇದು ನೇಮಕವಾದ ಮೇಲೆ ನೋಡಿಕೊಳ್ಳುವ ವಿಷಯ ಎಂದು ಪ್ರಶಿಕ್ಷಣಾರ್ಥಿಗಳು ಬದಿಗಿಡಬಾರದು. ಎನ್.ಸಿ.ಟಿ.ಇ.ಯ 2014ರ ನಿಯಮಗಳು ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳನ್ನು ಶಾಲೆಗೆ ಮೀಸಲಿಟ್ಟವು. ಅಷ್ಟು ದಿನದಲ್ಲಿ ಸಹಪಾಠಿಯ ಪಾಠಕ್ಕೆ ನಾವು ಬರೆಯುವ ವೀಕ್ಷಣಾ ಟಿಪ್ಪಣಿಯನ್ನು ತೆರೆದು ನೋಡಿ. ‘ಪೀಠಿಕೆ ಚೆನ್ನಾಗಿತ್ತು’, ‘ಧ್ವನಿ ಸ್ಪಷ್ಟವಾಗಿತ್ತು’, ‘ಕಪ್ಪುಹಲಗೆಯ ಬಳಕೆ ಸುಧಾರಿಸಬೇಕು’. ಪಾಠ ಗಣಿತವೋ ಕನ್ನಡವೋ ಇದರಿಂದ ಗೊತ್ತಾಗುವುದಿಲ್ಲ. ಮಕ್ಕಳು ಇದ್ದರೋ ಇಲ್ಲವೋ ಅದೂ ಗೊತ್ತಾಗುವುದಿಲ್ಲ! ಇಪ್ಪತ್ತು ವಾರ ಹೀಗೆ ಬರೆದು ಅಭ್ಯಾಸವಾದವರು ಮುಂದೆ ತಮ್ಮ 50 ಗಂಟೆಯನ್ನೂ ಹೀಗೆಯೇ ತುಂಬುತ್ತಾರೆ.

ಮಾರ್ಗದರ್ಶಕ ಉಪನ್ಯಾಸಕರಿಗೂ ಇದರಲ್ಲಿ ಪಾಲಿದೆ. ಪಾಠಗಳ ಸಂಖ್ಯೆ ಪೂರ್ಣವಾಯಿತೇ ಎಂದು ಎಣಿಸಿ ಸಹಿ ಹಾಕುವುದೂ, ಗಂಟೆ ಪೂರ್ಣವಾಯಿತೇ ಎಂದು ಪೋರ್ಟಲ್ ಎಣಿಸುವುದೂ ಒಂದೇ ಜಾತಿಯ ಕೆಲಸ. ವಾರಕ್ಕೊಮ್ಮೆಯಾದರೂ ವೀಕ್ಷಕರು ಶಿಕ್ಷಕರ ಬಗ್ಗೆ ಒಂದು ಮಾತೂ ಬರೆಯದೆ, ಮೂವರು ಮಕ್ಕಳ ಕೆಲಸವನ್ನು ಮಾತ್ರ ಬರೆದುಕೊಳ್ಳಲಿ: ಮಗು ಏನು ಬರೆಯಿತು, ಕೇಳಿದಾಗ ಏನೆಂದಿತು. ಪಾಠ ಮಾಡಿದವರು ಅದರ ಕೆಳಗೆ ಮುಂದಿನ ಪಾಠದಲ್ಲಿ ಏನನ್ನು ಬದಲಿಸುತ್ತೇನೆ ಎಂದು ಬರೆಯಲಿ. ಒಂದು ವಾರದ ಮೇಲೆ ಅದೇ ಮೂವರ ಉತ್ತರವನ್ನು ಪಕ್ಕದಲ್ಲಿ ಅಂಟಿಸಲಿ. ಇಷ್ಟೇ ಕೆಲಸ. ಹೊಸ ನಮೂನೆ ಅಚ್ಚು ಹಾಕಿಸಬೇಕಾಗಿಲ್ಲ, ಈಗಿರುವ ಪುಸ್ತಕದ ಎಡಬದಿಯ ಹಾಳೆ ಹೇಗೂ ಖಾಲಿ ಇರುತ್ತದೆ.

ಮಗುವಿನ ಹೆಸರು ಬರೆಯಬೇಡಿ. ಅ, ಆ, ಇ ಎಂದು ಗುರುತಿಟ್ಟುಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಈ ಕೆಲಸ ಶುರುಮಾಡುವವರು ಲೈನ್ ಮನೆಯ ಮಕ್ಕಳನ್ನೂ ಸೇರಿಸಿಕೊಳ್ಳಿ, ಆದರೆ ಮೂವರ ಬದಲು ಐವರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೊಯ್ಲು ಮುಗಿದು ಕುಟುಂಬ ಊರಿಗೆ ಹೊರಟರೆ ಮಗುವೂ ಹೊರಡುತ್ತದೆ, ಎರಡನೆಯ ವಾರದ ಹಾಳೆ ಖಾಲಿ ಉಳಿಯುತ್ತದೆ. ಹಾಗೆ ಹೊರಡುವ ಮಗುವಿನ ಪುಟವನ್ನು ನಕಲು ಮಾಡಿ ಅದರ ಚೀಲದಲ್ಲಿಟ್ಟು ಕಳಿಸಿ. ಮುಂದಿನ ಶಾಲೆಯ ಶಿಕ್ಷಕರಿಗೆ 375ರಿಂದ ಮತ್ತೆ ಶುರುಮಾಡುವ ಕಷ್ಟ ತಪ್ಪಬಹುದು.